ಹಲ್ಲುಪುಡಿಯ ಗುಟ್ಟು

ಮಹಾಗಣಪತಿಯ ಹತ್ತಿರ ಇಂಗ್ಲಿಷ್ ಇತ್ತು, ಕೋಟು ಇರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಇಂಗ್ಲಿಷ್ ಕೊಟ್ಟವರು ಬೊಂಬಾಯಿ ಮಾವ. ಮುಂಬಯಿಯ ಯಾವುದೋ ಜಾಹೀರಾತು ಕಚೇರಿಯಲ್ಲಿ ಟೈಪು ಮಾಡಿ ಮಾಡಿ ಬೆನ್ನು ಬಾಗಿಸಿಕೊಂಡು ಕುಮಟೆಗೆ ಮರಳಿದ್ದ ಅವರಿಗೆ ಅಲ್ಲಿಯ ಇಂಗ್ಲಿಷ್ ಪೇಪರು ಈಗಲೂ ಅಂಚೆಯಲ್ಲಿ ಬರುತ್ತಿತ್ತು. ಅದರ ಮೂಲೆಯಲ್ಲಿ ಒಂದು ದಿನ ಸಣ್ಣ ಪ್ರಕಟಣೆ ಕಂಡಿತು. ಶುಭ್ರಕಾಂತಿ ಹಲ್ಲುಪುಡಿ ಕಂಪನಿಗೆ ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಪ್ರಚಾರ ಮಾಡಲು ಒಬ್ಬ ಏಜೆಂಟ್ ಬೇಕು. ಇಂಗ್ಲಿಷ್ ಚೆನ್ನಾಗಿ ಬರಬೇಕು. ಸಂದರ್ಶನ ಹೊನ್ನಾವರದ ಪ್ರವಾಸಿ ಬಂಗಲೆಯಲ್ಲಿ.

“ಈ ಪೇಪರು ಇಲ್ಲಿಗೆ ಬಪ್ಪದು ನಂಗೊಬ್ಬಂಗೇ,” ಎಂದರು ಮಾವ. “ಬೇರೆ ನರಪಿಳ್ಳೆಗೂ ಗೊತ್ತಿಲ್ಲೆ. ನೀನೂ ಬಾಯಿ ಬಿಡಡ.”

ಮಹಾಗಣಪತಿಗೆ ಆ ಕೆಲಸ ಬೇಕೇ ಬೇಕಿತ್ತು. ಹಳದೀಪುರದ ರಾಮ ಹೆಗಡೆಯವರು ತಮ್ಮ ಮಗಳು ಮೂಕಾಂಬಿಕೆಯನ್ನು ಕಂಪನಿ ಕೆಲಸದವನಿಗಲ್ಲದೆ ಕೊಡುವುದಿಲ್ಲವೆಂದು ಹಟ ಹಿಡಿದಿದ್ದರು. ಇವನೋ ದೊಡ್ಡಪ್ಪನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ನಿಂತವನು. ಮೂಕಾಂಬಿಕೆ ಒಮ್ಮೆ ಅಂಗಡಿಗೆ ಬಂದು ರವಿಕೆ ಕಣ ಆರಿಸುವಾಗ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನು ಅವನು ಇನ್ನೂ ಮಡಚಿ ಇಟ್ಟುಕೊಂಡಿದ್ದ.

ಪ್ರಕಟಣೆ ಕಂಡ ದಿನದಿಂದ ಅವನ ಬಾಯಲ್ಲಿ ಮಾವ ಹೇಳಿಕೊಟ್ಟ ಕ್ಯಾಂಪೇನ್, ಸ್ಲೋಗನ್, ಸರ್ಕ್ಯುಲೇಶನ್, ಮಾರ್ಕೆಟ್ ಸರ್ವೆಗಳು ಎಲೆಯಡಿಕೆಯ ಕವಳದ ಹಾಗೆ ಸದಾ ಆಡತೊಡಗಿದವು.

“ಒಡೆಯಾ, ಈ ಸೀರೆ ಬಣ್ಣ ಹೋಗ್ತದಾ?” ಎಂದು ಗಿರಾಕಿ ಗಂಗಿ ಕೇಳಿದರೆ ಅವನು ಸೂರು ನೋಡುತ್ತ, “ಬ್ರ್ಯಾಂಡ್ ಲಾಯಲ್ಟಿ,” ಎಂದ.

“ಹಂಗಾರೆ ಹೋಗ್ತದೆ ಅಂತಲೇ ಆತು,” ಎಂದು ಗಂಗಿ ಎದ್ದು ಹೋದಳು. ದೊಡ್ಡಪ್ಪ ಬೈದರು. ಮಹಾಗಣಪತಿಗೆ ಮಾತ್ರ ಕನ್ಸ್ಯೂಮರ್ ರೆಸಿಸ್ಟೆನ್ಸ್ ಎಂದರೇನೆಂದು ಕಣ್ಣೆದುರೇ ಕಂಡ ಖುಷಿ.

ಇನ್ನು ಕೋಟು. ಪಕ್ಕದ ಮನೆಯ ಲಕ್ಷ್ಮಕ್ಕನ ಗಂಡ ವೆಂಕಟ್ರಮಣ ಕೋರ್ಟಿನ ಗುಮಾಸ್ತ. ಅವನ ಕರಿ ಕೋಟು ಗೂಟದ ಮೇಲೆ ಬಾವಲಿಯಂತೆ ತೂಗುತ್ತಿತ್ತು. ಸಂದರ್ಶನದ ಹಿಂದಿನ ದಿನ ಮಹಾಗಣಪತಿ ಹೋಗಿ ಲಕ್ಷ್ಮಕ್ಕನನ್ನು ಕೇಳಿದ.

“ಕೋಟು ಎಂತಕ್ಕೋ ತಮಾ? ಹೆಣ್ಣು ನೋಡಲಾ?”

ಕುಮಟೆಯಲ್ಲಿ ಕೋಟು ಕೇಳಿ ಕಾರಣ ಹೇಳದಿದ್ದರೆ ಊರೇ ಕಾರಣ ಹುಡುಕುತ್ತದೆ, ಅದು ಇನ್ನೂ ಕೆಟ್ಟದ್ದಾಗಿರುತ್ತದೆ. ಮಹಾಗಣಪತಿ ದನಿ ತಗ್ಗಿಸಿ ಎಲ್ಲ ಹೇಳಿ, “ನಿಂಗೊಬ್ಬಳಿಗೇ ಹೇಳಿದ್ದು. ಯಾರಿಗೂ ಹೇಳಡ,” ಎಂದ.

“ನಾ ಎಂತಕ್ಕೆ ಹೇಳ್ಲಿ? ದೇವರಾಣೆ!”

ಕೋಟಿಗೆ ಇಸ್ತ್ರಿ ಹಾಕುವ ದುರ್ಗಪ್ಪನಿಗೂ, ರಜೆ ಕೊಡಬೇಕಾದ ದೊಡ್ಡಪ್ಪನಿಗೂ ಅಷ್ಟೇ ಗುಟ್ಟಾಗಿ ಹೇಳಬೇಕಾಯಿತು. ಇಬ್ಬರೂ ದೇವರಾಣೆ ಹಾಕಿದರು.

ಬೆಳಿಗ್ಗೆ ಬಸ್ಸಿನ ಬಾಗಿಲಲ್ಲೇ ಕಂಡಕ್ಟರ್ ಜಟ್ಟ ಹಲ್ಲು ಕಿರಿದ. “ಹಲ್ಲುಪುಡಿ ಕೆಲಸಕ್ಕಾ ಒಡೆಯಾ? ಹಿಂದಿನ ಸೀಟಿಗೆ ಹೋಗಿ. ಮುಂದೆಲ್ಲ ಅದೇ ಕೆಲಸದವರು ಕೂತು ಆತು.”

ಮಹಾಗಣಪತಿ ಒಳಗೆ ಕಣ್ಣಾಡಿಸಿದ. ನಾಟಕ ಕಂಪನಿಯೊಂದು ಊರು ಬಿಟ್ಟು ಹೊರಟಂತೆ ಬಸ್ಸು ತುಂಬ ಪೌಡರು ಹಚ್ಚಿಕೊಂಡ ಮುಖಗಳು. ಮೊದಲ ಸೀಟಿನಲ್ಲಿ ಶಾಲು ಹೊದ್ದು ಕೂತವನು ಕೋಟಿನ ಒಡೆಯ ವೆಂಕಟ್ರಮಣನೇ.

“ನೀನೂ ಹೊಂಟ್ಯಾ?”

“ಎಂತಕ್ಕೆ ಹೋಗಲಾಗ? ಹೆಂಡತಿ ಗುಟ್ಟಾಗಿ ಹೇಳ್ತು, ನಾ ಗುಟ್ಟಾಗಿ ಬಂದೆ,” ಎಂದ ವೆಂಕಟ್ರಮಣ. “ಈಗ ಕೋಟು ಬಿಚ್ಚು.”

“ಕೊಟ್ಟದ್ದು ವಾಪಸ್ ಕೇಳೂದಾ?”

“ಕೊಟ್ಟದ್ದು ಅವಳು. ಕೇಳೂದು ನಾನು.”

ಇಡೀ ಬಸ್ಸು ಪಂಚಾಯ್ತಿಗೆ ಕೂತಿತು. ಜಟ್ಟ ಟಿಕೆಟ್ ಹರಿಯುವುದನ್ನು ಬಿಟ್ಟು ನ್ಯಾಯ ಹೇಳಿದ: ಒಬ್ಬರು ಒಳಗೆ ಹೋಗಿ ಬಂದಮೇಲೆ ಕೋಟು ಇನ್ನೊಬ್ಬರಿಗೆ. “ಹಂಗಾರೆ ನಮಗೂ ಇರ್ಲಿ,” ಎಂದರು ಉಳಿದವರು. ಕೋಟು ಇದ್ದದ್ದು ಅದೊಂದೇ.

ಹಳದೀಪುರದಲ್ಲಿ ರಾಮ ಹೆಗಡೆಯವರೇ ಬಸ್ಸು ಹತ್ತಿದರು. ಹಿಂದೆ ಅವರ ತಂಗಿಯ ಮಗ, ತಲೆಗೆ ಎಣ್ಣೆ ಸುರಿದುಕೊಂಡ ಗಟ್ಟಿಮುಟ್ಟಾದ ಆಳು. ಮಹಾಗಣಪತಿಯನ್ನು ಕಂಡು ಹೆಗಡೆಯವರು ನಾಚಲೂ ಇಲ್ಲ.

“ನೀನೂ ಇದ್ಯಾ? ಒಳ್ಳೇದಾತು. ಇಬ್ಬರಲ್ಲಿ ಯಾರಿಗೆ ಕೆಲಸ ಸಿಕ್ತೋ ಅವರೇ ಅಳಿಯ. ನಂಗೆ ಭೇದ ಇಲ್ಲೆ.”

ತಂಗಿಯ ಮಗ ಕೋಟನ್ನು ಮುಟ್ಟಿ ನೋಡಿ, “ನಂಗೆ ಬಿಗಿ ಆಗ್ತು,” ಎಂದ.

ಹೊನ್ನಾವರದ ಬಂಗಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಟ್ಕಳದವರೂ ಶರಾವತಿ ದಾಟಿ ಲಾಂಚಿನಲ್ಲಿ ಬಂದಿಳಿದಿದ್ದರು. ಅವರಲ್ಲೊಬ್ಬ ಸಂದರ್ಶನ ಮಾಡುವ ಸಾಹೇಬರ ಹೆಂಡತಿಗೆಂದು ಮಲ್ಲಿಗೆ ದಂಡೆ ತಂದಿದ್ದ. ಸಾಹೇಬರಿಗೆ ಮದುವೆಯಾಗಿಲ್ಲವೆಂದು ತಿಳಿದು ಅದನ್ನು ಅವರ ಜವಾನನ ಕೈಗೆ ಕಟ್ಟಿದ. ಭಟ್ಕಳಕ್ಕೆ ಸುದ್ದಿ ಹೋದದ್ದು ಹೇಗೆಂದು ಕೇಳಿದರೆ ಎಲ್ಲರೂ ಜಟ್ಟನ ಬಸ್ಸಿನ ಕಡೆ ನೋಡಿದರು. ಜಟ್ಟ ಆಕಾಶ ನೋಡಿದ.

ಕೋಟು ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಒಳಗೆ ಹೋಯಿತು. ಕಡಲ ತೀರದ ಸೆಕೆಗೆ ಬೆವರಿನಲ್ಲಿ ನೆನೆದು, ತಂಗಿಯ ಮಗನ ಭುಜಕ್ಕೆ ಸಿಕ್ಕಿ ಹೊಲಿಗೆ ಬಿಟ್ಟುಕೊಂಡು, ಗುಂಡಿಗಳನ್ನು ಒಂದೊಂದಾಗಿ ಕಳೆದುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಅದು ಮಹಾಗಣಪತಿಯ ಮೈಗೆ ಬಂತು. ಹೆಸರು ಕೂಗಿದಾಗ ಒಂದು ತೋಳು ಅರ್ಧ ಜೋತು ಬಿದ್ದಿತ್ತು.

ಮುಂಬಯಿಯ ಸಾಹೇಬರು ಹಣೆ ಒತ್ತಿಕೊಳ್ಳುತ್ತ ಕೂತಿದ್ದರು. “ಈ ಕೋಟನ್ನು ಬೆಳಿಗ್ಗೆಯಿಂದ ಸಂದರ್ಶನ ಮಾಡುತ್ತಿದ್ದೇನೆ,” ಎಂದರು ಇಂಗ್ಲಿಷಿನಲ್ಲಿ. “ಇದರೊಳಗೆ ಇಂಗ್ಲಿಷ್ ಬರುವವನು ಒಬ್ಬನೂ ಸಿಕ್ಕಿಲ್ಲ.”

“ನಾನಿದ್ದೇನೆ ಸರ್,” ಎಂದ ಮಹಾಗಣಪತಿ.

ಅವರು ಕೇಳಿದ ಪದಗಳಿಗೆಲ್ಲ ಅವನು ಅರ್ಥ ಹೇಳಿದ. ಸಾಹೇಬರು ಬೆನ್ನು ನೆಟ್ಟಗೆ ಮಾಡಿ ಕೂತರು. ಕಿಟಕಿಯಾಚೆ ನದಿ ಸದ್ದಿಲ್ಲದೆ ಸಮುದ್ರ ಸೇರುತ್ತಿತ್ತು. ಮೂಕಾಂಬಿಕೆ ಆಗಲೇ ಮನೆಯ ಹೊಸಿಲಲ್ಲಿ ಬಂದು ನಿಂತಳೆಂದು ಅವನಿಗೆ ಅನ್ನಿಸಿತು.

“ಕೊನೆಯ ಪ್ರಶ್ನೆ,” ಎಂದರು ಸಾಹೇಬರು. “ಮುಂಬಯಿಯ ಒಂದೇ ಪೇಪರಿನಲ್ಲಿ, ಒಂದೇ ದಿನ ಪ್ರಕಟಣೆ ಕೊಟ್ಟಿದ್ದೆವು. ಬೇರೆ ಊರುಗಳಲ್ಲಿ ಬೆರಳೆಣಿಕೆಯ ಜನ ಬಂದರು. ಇಲ್ಲಿ ಅಂಗಳ ತುಂಬಿದೆ. ಇದು ಹೇಗಾಯಿತು?”

ಇಂಥ ಪ್ರಶ್ನೆಗೆ ಸುಮ್ಮನಿರುವುದೇ ಲೇಸು. ಆದರೆ ಕಷ್ಟಪಟ್ಟು ಕಲಿತದ್ದು ಒಳಗೆ ನಿಲ್ಲುವುದಿಲ್ಲ.

“ವರ್ಡ್ ಆಫ್ ಮೌತ್ ಪಬ್ಲಿಸಿಟಿ, ಸರ್!” ಎಂದ ಮಹಾಗಣಪತಿ. ಬಾಯಿಂದ ಬಾಯಿಗೆ ಹಬ್ಬುವ ಈ ಪ್ರಚಾರಕ್ಕೆ ಖರ್ಚಿಲ್ಲ, ಪೇಪರಿಗಿಂತ ವೇಗ ಹೆಚ್ಚು, ಹೇಳುವವರು ನೆಂಟರೇ ಆದ್ದರಿಂದ ಜನ ನಂಬುತ್ತಾರೆ, ಗುಟ್ಟೆಂದು ಹೇಳಿದರಂತೂ ಮೂರು ತಾಲೂಕು ಮುಟ್ಟುತ್ತದೆ ಎಂದು ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ವಿವರಿಸಿದ. ಸಾಹೇಬರು ಎದ್ದು ಬಂದು ಅವನ ಕೈ ಕುಲುಕಿದರು.

“ಅದ್ಭುತ! ಕಂಪನಿಯ ಕಣ್ಣು ತೆರೆಸಿದಿರಿ. ಇಂಥ ಊರುಗಳಿಗೆ ಪ್ರಚಾರದ ಏಜೆಂಟ್ ಯಾಕೆ? ಈ ಹುದ್ದೆಯನ್ನೇ ರದ್ದು ಮಾಡಲು ಇವತ್ತೇ ಬರೆಯುತ್ತೇನೆ.”

ಮಹಾಗಣಪತಿ ಜೋತು ಬಿದ್ದ ತೋಳನ್ನು ಭುಜಕ್ಕೆ ಒತ್ತಿ ಹಿಡಿದು ಹೊರಟ. ಅವನು ಬಾಗಿಲು ದಾಟುವಾಗ ಸಾಹೇಬರು ಹತ್ತಿರ ಕರೆದು ದನಿ ತಗ್ಗಿಸಿದರು. “ನಿಮಗೆ ಮಾತ್ರ ಹೇಳುತ್ತೇನೆ. ಇನ್ನು ಸ್ವಲ್ಪ ದಿನ ಶುಭ್ರಕಾಂತಿ ಈ ಕಡೆಗೆ ಬರುವುದಿಲ್ಲ. ಅಂಗಡಿಗಳಲ್ಲಿ ಇದ್ದದ್ದಷ್ಟೇ. ಯಾರಿಗೂ ಹೇಳಬೇಡಿ.”

ಹೊರಗೆ ಹೆಗಡೆಯವರು ಕಾದಿದ್ದರು. “ಎಂತ ಆತು?”

ಕೆಲಸ ಹೋಯಿತೆಂದು ಬರಿಗೈಯಲ್ಲಿ ಹೇಳುವುದು ಹೇಗೆ? ಮಾವನಾಗಬೇಕಾದವರಿಗೆ ಏನಾದರೂ ಕೊಡಬೇಕೆಂದು ಅವನು ಕಿವಿಯ ಹತ್ತಿರ ಬಾಗಿದ. “ಹೆಗಡೇರೇ, ನಿಮಗೊಬ್ಬರಿಗೇ ಹೇಳ್ತೆ...”

ತಿರುಗಿ ಹೋಗುವ ಬಸ್ಸು ಹೊರಡುವುದಕ್ಕೆ ಮೊದಲೇ ಜಟ್ಟ ಅವನ ಸೀಟಿನ ಬಳಿ ಬಂದು ಬಗ್ಗಿದ. “ಒಡೆಯಾ, ಕೋಟು ಹರಿತು ಅಂತ ಬೇಜಾರ್ ಮಾಡ್ಕಬೇಡಿ. ನಿಮಗೊಬ್ಬರಿಗೇ ಒಂದು ಸುದ್ದಿ ಹೇಳ್ತೆ. ಶುಭ್ರಕಾಂತಿ ಇನ್ನು ಸಿಗೂದಿಲ್ಲವಂತೆ. ಪೇಟೇಲಿ ಜನ ಮುಗಿಬಿದ್ದಿದ್ರು, ಅಂಗಡಿ ಎಲ್ಲ ಖಾಲಿ!”

ಕಿಟಕಿಯಲ್ಲಿ ಸಾಹೇಬರ ಕಾರು ಸಾಗುವುದು ಕಂಡಿತು. ಅವರು ನಗುತ್ತ ಕೈ ಬೀಸಿದರು. ಕ್ಯಾಂಪೇನ್ ಎಂದರೇನೆಂದು ಮಹಾಗಣಪತಿಗೆ ಆಗ ಸರಿಯಾಗಿ ಅರ್ಥವಾಯಿತು.

ಮುಂದಿನ ಸೀಟಿನಲ್ಲಿ ಹೆಗಡೆಯವರು ಮಡಿಲು ತುಂಬ ಹಲ್ಲುಪುಡಿ ಡಬ್ಬಿ ಪೇರಿಸಿಕೊಂಡು ಕೂತಿದ್ದರು. ಹಳದೀಪುರ ಬಂದಾಗ ಎದ್ದು, ಅವನನ್ನು ಬಹಳ ಮರುಕದಿಂದ ನೋಡಿ, ಒಂದು ಡಬ್ಬಿ ಅವನ ಕೈಗಿಟ್ಟರು.

“ತಗ ತಮಾ. ಕೆಲಸ ಇಲ್ಲದವಂಗೆ ಮಗಳನ್ನ ಕೊಡಲಾಗ್ತಿಲ್ಲೆ. ಇದನ್ನಾದ್ರೂ ಕೊಡ್ತೆ.”