ಗುಂಡಗಿಲ್ಲದ ಮೂರು ಹರಳು

ಮೊದಲೇ ಕ್ಷಮೆ ಕೇಳುತ್ತೇನೆ, ನನಗೆ ಹೇಳಲು ಬರುವುದಿಲ್ಲ. ನಾನು ಕಲ್ಲಿಗೆ ಸಾಣೆ ಹಿಡಿಯುವವನು, ಅಂದರೆ ಉಂಗುರದ ಹರಳು ಕೊರೆದು ಹೊಳಪು ಕೊಡುವವನು. ಹರಪನಹಳ್ಳಿಯಲ್ಲಿ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಗುಂಡಗಿನ ಹರಳು ಮಾಡಿ ಬೇಸತ್ತು ಬೇರೆ ಆಕಾರ ಶುರು ಮಾಡಿದೆ. ಅಂದಿನಿಂದ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇದೆ. ಹೆಂಡತಿ ಹೇಳಿಬಿಟ್ಟಳು: "ಮೂರು ಸಲ ನೋಡ್ತೀನಿ. ಮೂರೂ ಕೆಟ್ಟರ ಮತ್ತ ಗುಂಡಗಿನ ಹರಳನ್ನ ಮಾಡಬೇಕು ನೋಡ್ರಿ."

೧. ಕುರಿ

ಕುರಿ ಸಾಕುವ ಹಿರಿಯರೊಬ್ಬರು ಕೆಂಪು ಹರಳಿನಲ್ಲಿ ಕುರಿ ಕೇಳಿದರು. ನಾಲ್ಕು ದಿನ ಕೊರೆದೆ. ಕೊನೆಗೆ ಎಡಗಿವಿಯ ತುದಿ ಸಾಸಿವೆಯಷ್ಟು ಹಾರಿತು. ಹಿರಿಯರು ಬೆಳಕಿಗೆ ಹಿಡಿದು ನೋಡಿದರು.

"ಕುರಿ ಛಲೋ ಐತಿ. ಆದ್ರ ನಮ್ದಲ್ಲ."

"ಅಂದ್ರ?"

"ಎಡಗಿವಿ ಕೊಯ್ದೈತಿ. ಅದು ನಮ್ಮ ಬೀಗರ ಹಿಂಡಿನ ಗುರ್ತು. ನಮ್ದು ಬಲಗಿವಿ."

(ಹಿಂಡು ಬೆರೆತರೆ ತಿಳಿಯಲೆಂದು ಕುರಿಯ ಕಿವಿ ಕೊಯ್ದು ಗುರುತು ಮಾಡುತ್ತಾರೆ. ಇದನ್ನು ಮೊದಲೇ ಹೇಳಬೇಕಿತ್ತು.)

"ಬಲಗಿವೀನೂ ಸ್ವಲ್ಪ ತೆಗೀಲೇನ್ರಿ?"

"ಆಗ ಕದ್ದ ಕುರಿ ಆಕ್ಕತಿ," ಎಂದು ಎದ್ದು ಹೋದರು.

೨. ಕಾಳು

ಆಮೇಲೆ ಬಂದವರು ಮೆಕ್ಕೆಜೋಳದ ವ್ಯಾಪಾರಿ. ಮಗನಿಗೆ ಹೆಣ್ಣು ನೋಡಲು ಇಟ್ಟಿಗಿ ಊರಿಗೆ ಹೋಗುವವರು, ಉಂಗುರದಲ್ಲಿ ಮೆಕ್ಕೆಜೋಳದ ಕಾಳು ಬೇಕೆಂದರು. ಹಳದಿ ಹರಳಿನಲ್ಲಿ ಕೊರೆದೆ. ಕೋಳಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಥೇಟ್ ಬಂದಿತ್ತು. ಅದೇ ತಪ್ಪಾಯಿತು. ಕಾಳು ಒಣಗಿದೆಯೋ ಇಲ್ಲವೋ ಎಂದು ಈ ವ್ಯಾಪಾರಿಗಳು ಹಲ್ಲಿನಿಂದ ಕಡಿದು ನೋಡುತ್ತಾರೆ. ಅವರು ಫೋನಿನಲ್ಲಿ ಲಾರಿಯ ವಿಚಾರ ಮಾತಾಡುತ್ತಿದ್ದರು. ನಾನು ಹರಳನ್ನು ಅವರ ಅಂಗೈಯಲ್ಲಿ ಇಟ್ಟೆ. ಕೈ ತಾನಾಗಿ ಬಾಯಿಗೆ ಹೋಯಿತು. ಕಟ್ ಅಂದಿತು.

"ಒಣಗೈತಿ," ಎಂದರು ಫೋನಿಗೆ. ಆಮೇಲೆ ಗಲ್ಲ ಹಿಡಿದುಕೊಂಡರು.

ಹರಳಿಗೆ ಏನೂ ಆಗಿರಲಿಲ್ಲ. ಮುಂದಿನ ಹಲ್ಲು ಅರ್ಧ ಇರಲಿಲ್ಲ.

೩. ಹಲ್ಲು

"ನಾಳಿ ಹೆಣ್ಣಿನವರ ಮುಂದ ಹೆಂಗ ನಗಲಿ?"

"ದವಾಖಾನಿಗೆ ಹೋಗ್ರಿ."

"ಕುರಿ ಮಾಡ್ತಿ, ಕಾಳು ಮಾಡ್ತಿ, ಅರ್ಧ ಹಲ್ಲು ಬರಂಗಿಲ್ಲೇನು?"

ಬಾಗಿಲಲ್ಲಿ ಹೆಂಡತಿ ಮೂರು ಬೆರಳು ತೋರಿಸಿದಳು. ರಾತ್ರಿಯೆಲ್ಲ ಕೂತು ಬಿಳಿ ಕಲ್ಲಿನಲ್ಲಿ ಅರ್ಧ ಹಲ್ಲು ಕೊರೆದೆ. ಇವತ್ತು ಬೆಳಿಗ್ಗೆ ಮೇಣ ಹಚ್ಚಿ ಕೂರಿಸಿದ್ದೇನೆ. ಗಟ್ಟಿಯಾಗುವವರೆಗೆ ಅವರು ಒಳಗೆ ಬಾಯಿ ತೆರೆದು ಕೂತಿದ್ದಾರೆ, ನಾನು ಇಲ್ಲಿ ಬರೆಯುತ್ತಿದ್ದೇನೆ. ಇದೊಂದು ನಿಂತರೆ ನನ್ನ ಕಲೆ ಉಳಿಯಿತು. ಒಂದೇ ತೊಂದರೆ. ಹರಳು ಹೊಳೆಯಬೇಕು, ಹಲ್ಲು ಅಷ್ಟು ಹೊಳೆಯಬಾರದು. ನಾನು ರೂಢಿಯಂತೆ ಪೂರಾ ಹೊಳಪು ಕೊಟ್ಟುಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿದರೆ ಎದುರು ಗೋಡೆಯ ಮೇಲೆ ಬೆಳಕು ಓಡಾಡುತ್ತದೆ. ಅದನ್ನು ಮಬ್ಬು ಮಾಡಬೇಕೆಂದರೆ ಮೊದಲು ಸಣ್ಣ ಮರಳನ್ನು

ತಡೆಯಿರಿ, ಹೆಂಡತಿ ಕರೆಯುತ್ತಿದ್ದಾಳೆ.

"ರೀ, ಲಗೂನ ಬರ್ರಿ. ಸುಮ್ನ ಕುಂತಾರಂತ ಚಕ್ಲಿ ಕೊಟ್ಟಿದ್ದೆ. ಎರಡು ತಿಂದ್ರು. ಈಗ ನುಂಗಿದ್ದು ಚಕ್ಲಿ ಅಲ್ಲಂತ."