ನಾಲ್ಕು ತೂತು, ಒಂದು ಚೀಲ

ಆ ಶನಿವಾರ ಬೆಳಗ್ಗೆ ಸರಿಯಾಗಿ ಎಂಟೂವರೆಗೆ, ಕಾಫಿ ಲೋಟ ಕೆಳಗಿಟ್ಟು, ನಾನು ಭೀಷ್ಮಪ್ರತಿಜ್ಞೆ ಮಾಡಿದೆ.

"ಇವತ್ತು ಸಂಜೆಯೊಳಗೆ ಆ ಸೋರಿಕೆ ಎಲ್ಲಿದೆ ಅಂತ ನಾನೇ ಹುಡುಕ್ತೀನಿ! ನಾನೇ ರಿಪೇರಿ ಮಾಡ್ತೀನಿ! ಇಲ್ಲದಿದ್ರೆ ನನ್ನ ಹೆಸರು ಬದಲಾಯಿಸು!"

ನನ್ನವಳು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಹೆಸರು ಹಾಗೇ ಇರಲಿ. ಟೈಲ್ಸ್ ಬದಲಾಯಿಸೋ ಹಾಗೆ ಮಾತ್ರ ಮಾಡಬೇಡಿ."

ಅಪ್ಪ ಮಲಗುತ್ತಿದ್ದ ಕೋಣೆಯ ಗೋಡೆಯ ಬುಡದಲ್ಲಿ ಎರಡು ತಿಂಗಳಿಂದ ತೇವ ಕಾಣಿಸಿಕೊಂಡಿತ್ತು. ಗೋಡೆಯ ಆಚೆ ಬಚ್ಚಲುಮನೆ, ಮಗ್ಗುಲಲ್ಲೇ ಅಡುಗೆಮನೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರು ಪ್ಲಂಬರ್. ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದರೆಂದರೆ, ಒಳಗೆ ಪೈಪು ಎಲ್ಲಿ ಸೋರುತ್ತಿದೆಯೆಂದು ಗೇಣಿನ ಲೆಕ್ಕದಲ್ಲಿ ಹೇಳಿ, ಅಲ್ಲೇ ಒಡೆದು ತೋರಿಸುತ್ತಿದ್ದರು. ಅವರು ಇದ್ದಷ್ಟು ದಿನ ನಮ್ಮ ಮನೆಯ ಪೈಪುಗಳಿಗೆ ಸೋರುವ ಧೈರ್ಯವೇ ಬಂದಿರಲಿಲ್ಲ!

ಇಂಥವರ ಒಬ್ಬನೇ ಮಗನಾದ ನಾನು ನೀರು ಸರಬರಾಜು ಕಚೇರಿಯಲ್ಲಿ, ಸೋರಿಕೆ ದೂರು ವಿಭಾಗದ ಗುಮಾಸ್ತ. ಇಪ್ಪತ್ತೆರಡು ವರ್ಷಗಳಿಂದ ಊರಿನ ಸೋರಿಕೆಯನ್ನೆಲ್ಲ ಕಾಗದದ ಮೇಲೆ ಇಳಿಸಿಕೊಳ್ಳುತ್ತಿದ್ದೇನೆ. ಈ ಅವಧಿಯಲ್ಲಿ ನನ್ನ ಕೈ ಒದ್ದೆಯಾದದ್ದು ಮೊಹರಿನ ಶಾಯಿಯಿಂದ ಮಾತ್ರ.

ಇದಕ್ಕೂ ಒಂದು ಕಾರಣವಿದೆ. ಹದಿನಾರನೆಯ ವಯಸ್ಸಿನಲ್ಲಿ, ರಜೆಯೆಂದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಯಾರದೋ ಮನೆಯ ಗೋಡೆಗೆ ಅವರ ಹಾಗೆಯೇ ಕಿವಿಯಿಟ್ಟು, "ಅಪ್ಪಾ, ಇಲ್ಲಿ!" ಎಂದು ಕೂಗಿದೆ. ಅಪ್ಪ ಬಂದು ಕಿವಿಯಿಟ್ಟರು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಮಾರು ಆಚೆ ಹೋಗಿ ಒಡೆದರು. "ಇಲ್ಲಿ ಸಿಕ್ತು ನೋಡು. ನಿನಗೆ ಕಿವಿ ಇಲ್ಲ ಕಣೋ. ಮನೆಗೆ ಹೋಗಿ ಓದ್ಕೋ" ಎಂದರು. ನಾನು ಬಗ್ಗಿ ನೋಡಲೂ ಇಲ್ಲ. ಅವಮಾನ ನುಂಗಿಕೊಂಡು ಮನೆಗೆ ಬಂದೆ, ಓದಿದೆ, ಗುಮಾಸ್ತನಾದೆ. ಅಲ್ಲಿಂದಾಚೆಗೆ ಅಪ್ಪನಿಗೂ ನನಗೂ ನಡುವೆ "ಊಟ ಆಯ್ತಾ", "ಮಾತ್ರೆ ತಗೊಂಡ್ರಾ" ಇಷ್ಟೇ ಮಾತು.

ಹಿಂದಿನ ದಿನವಷ್ಟೇ ಕಚೇರಿಯಲ್ಲಿ ನಮಗೆಲ್ಲ ಒಂದು ತರಬೇತಿ ನಡೆದಿತ್ತು. ತರಬೇತಿಯ ಮೇಡಂ ಮೆಲುದನಿಯಲ್ಲಿ ಹೇಳಿದರು: "ಚಿಕ್ಕಂದಿನಲ್ಲಿ ಯಾರೋ ಅಂದ ಒಂದು ಮಾತನ್ನ ನಂಬ್ಕೊಂಡು ಜೀವನಪೂರ್ತಿ ಕೂತಿರ್ತೀವಿ. ಅದನ್ನ ಬುದ್ಧಿಯಿಂದ ಹುಡುಕಿದ್ರೆ ಸಿಗಲ್ಲ. ನಿಮ್ಮ ಭಾವನೆ ಹಿಡ್ಕೊಂಡು ಹೋಗಿ. ಎದೆ ಎಲ್ಲಿ ಬಿಗಿಯುತ್ತೋ ಅದು ಅಲ್ಲೇ ಇರುತ್ತೆ. ಒಳಮನಸ್ಸು ತೋರಿಸಿದ ಕಡೆ ಕೈ ಹಾಕಿ." ಆಮೇಲೆ ಒಬ್ಬೊಬ್ಬರಿಗೂ ಗುಲಾಬಿ ಬಣ್ಣದ ಹಾಳೆ ಹಂಚಿದರು. ಹಳೆಯ ನಂಬಿಕೆ ಯಾವುದು? ಹೇಳಿದವರು ಯಾರು? ಹೊಸ ನಂಬಿಕೆ ಏನು? ಸೋಮವಾರ ತುಂಬಿ ತರಬೇಕು.

ಪಕ್ಕದ ಕುರ್ಚಿಯ ಟೈಪಿಸ್ಟ್ 'ನನಗೆ ಲೆಕ್ಕ ಬರುವುದಿಲ್ಲ' ಎಂದು ಬರೆದಳು. ನಾನು ಪೆನ್ನು ಊರಿದ್ದೇ ತಡ, ಯೋಚಿಸುವ ಮೊದಲೇ ಕೈ ಬರೆದುಬಿಟ್ಟಿತು: 'ನನಗೆ ಕಿವಿ ಇಲ್ಲ. ಹೇಳಿದವರು: ಅಪ್ಪ.' ಯಾರಾದರೂ ನೋಡಿಯಾರೆಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ.

"ಅಂದ್ರೆ, ಬುದ್ಧೀನ ಪಕ್ಕಕ್ಕಿಟ್ಟು ಕೆಲಸ ಮಾಡಬೇಕು ಕಣೇ" ಎಂದು ಈಗ ಹೆಂಡತಿಗೆ ವಿವರಿಸಿದೆ.

"ಅದಕ್ಕೂ ನಿಮಗೆ ತರಬೇತಿ ಬೇಕಿತ್ತಾ?"

ಇಂಥ ಮಾತಿಗೆಲ್ಲ ಜಗ್ಗುವ ಕಾಲ ಮುಗಿದಿತ್ತು. ಹೊಚ್ಚಹೊಸ ಸುತ್ತಿಗೆ, ಉಳಿ ಹಿಡಿದು ಅಪ್ಪನ ಕೋಣೆಗೆ ನುಗ್ಗಿದೆ. ಹೊಸದೇಕೆಂದರೆ, ಹಳೆಯ ಸುತ್ತಿಗೆ, ಹಳೆಯ ಉಳಿ ಅಪ್ಪನ ಚೀಲದಲ್ಲಿದ್ದವು. ಆ ಖಾಕಿ ಚೀಲ ಅದೇ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಕೊನೆಯ ಸಲ ಕೆಲಸದಿಂದ ಬಂದವರು ತಾವೇ ನೇತುಹಾಕಿದ್ದು. ಅದನ್ನು ಮುಟ್ಟಬಾರದೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಆದರೂ ಯಾರೂ ಮುಟ್ಟುತ್ತಿರಲಿಲ್ಲ. ಗೋಡೆಯ ಧೂಳು ಹೊಡೆಯುವಾಗ ನನ್ನವಳು ಚೀಲದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮುಂದೆ ಹೋಗುತ್ತಿದ್ದಳು.

ಗೋಡೆಗೆ ಕಿವಿ ಹಚ್ಚಿ ಅಂಗುಲ ಅಂಗುಲವಾಗಿ ಸರಿಯುತ್ತ ಬಂದೆ. ಚೀಲದ ಹತ್ತಿರ ಬರುತ್ತಲೇ ಎದೆ ಬಿಗಿಯಿತು. ಕೈ ತನ್ನಷ್ಟಕ್ಕೆ ತಾನೇ ಚೀಲದ ಕಡೆ ಎದ್ದಿತು. ಮೇಡಂ ಹೇಳಿದ್ದು ಇದನ್ನೇ ಅಲ್ಲವೇ? ಆದರೆ ನನ್ನಂಥ ಜಾಣ ಇನ್ನೊಬ್ಬನಿಲ್ಲ! "ರಾತ್ರಿ ಊಟ ಜಾಸ್ತಿಯಾಯ್ತು, ಗ್ಯಾಸು" ಎಂದು ತೀರ್ಮಾನಿಸಿ, ಕೈ ಹಿಂದಕ್ಕೆಳೆದುಕೊಂಡು, ಒಂದು ಮಾತ್ರೆ ನುಂಗಿ, ಬಚ್ಚಲುಮನೆಗೆ ಹೋದೆ.

ಮೊದಲ ತೂತು ನಲ್ಲಿಯ ಕೆಳಗೆ. ಒಳಗೆ ಒಣ ಇಟ್ಟಿಗೆ. ಎರಡನೆಯದು ಕನ್ನಡಿಯ ಪಕ್ಕ. ಅಲ್ಲೂ ಒಣ ಇಟ್ಟಿಗೆ, ಜೊತೆಗೆ ಕನ್ನಡಿಯೂ ಹೋಯಿತು. ಮೂರನೆಯದು ಅಡುಗೆಮನೆಯಲ್ಲಿ, ಒಲೆಯ ಹಿಂದೆ.

"ರೀ, ತೇವ ಇರೋದು ಮಾವನವರ ಕೋಣೇಲಿ. ನೀವು ಅದೊಂದನ್ನ ಬಿಟ್ಟು ಮನೆಯೆಲ್ಲ ಒಡೀತಿದ್ದೀರಿ!"

"ನೀರು ಒಂದು ಕಡೆ ಸೋರಿ ಇನ್ನೊಂದು ಕಡೆ ಕಾಣಿಸುತ್ತೆ. ಅನುಭವಸ್ಥರ ಮಾತು!"

"ಅನುಭವ ಯಾರದ್ದು? ಮೊಹರಿನದ್ದಾ?"

ರೋಷ ಉಕ್ಕಿತು. ಅದೇ ರೋಷದಲ್ಲಿ ಅಲ್ಲೇ ಪಕ್ಕಕ್ಕೆ ನಾಲ್ಕನೆಯ ತೂತಿಗೆ ಏಟು ಹಾಕಿದೆ. ಈ ಸಲ ನೀರು ಸಿಕ್ಕಿತು! ಒಂದು ತೊಟ್ಟೂ ಸೋರದೆ ಮೂವತ್ತು ವರ್ಷ ದುಡಿದಿದ್ದ, ಅಪ್ಪನೇ ಕೂರಿಸಿದ್ದ ಪೈಪಿಗೆ ನನ್ನ ಉಳಿ ನೆಟ್ಟಗೆ ಬಡಿದಿತ್ತು. ನೀರು ನನ್ನ ಕನ್ನಡಕವನ್ನು ಹಾರಿಸಿಕೊಂಡು ಹೋಗಿ ಎದುರಿನ ಗೋಡೆಗೆ ಅಪ್ಪಳಿಸಿತು.

"ವಾಲ್ವ್ ಮುಚ್ರೀ!" ಎಂದು ನನ್ನವಳು ಕಿರುಚಿದಳು.

"ಎಲ್ಲಿದೆ ಅದು?"

"ನನ್ನ ಕೇಳ್ತೀರಾ?"

ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ 'ಮೊದಲು ಮುಖ್ಯ ವಾಲ್ವ್ ಮುಚ್ಚಿ' ಎಂದು ಉಪದೇಶ ಮಾಡಿದ ಮಹಾನುಭಾವನಿಗೆ ತನ್ನ ಮನೆಯ ವಾಲ್ವ್ ಎಲ್ಲಿದೆಯೆಂದು ಗೊತ್ತಿರಲಿಲ್ಲ! ಅದು ಯಾವಾಗಲೂ ಅಪ್ಪನ ಕೆಲಸವಾಗಿತ್ತು. ಕೆಳಮನೆಯವರು ಛಾವಣಿಯಿಂದ ನೀರು ಬೀಳುತ್ತಿದೆಯೆಂದು ಕೂಗುತ್ತಿದ್ದರು. ದಿಕ್ಕು ತೋಚದೆ ನಮ್ಮ ಕಚೇರಿಗೇ ಫೋನು ಮಾಡಿದೆ. ರಜಾದಿನ, ಧ್ವನಿಮುದ್ರಣ ಶುರುವಾಯಿತು. "ಗಾಬರಿಯಾಗಬೇಡಿ. ಮೊದಲು ಮುಖ್ಯ ವಾಲ್ವ್ ಮುಚ್ಚಿ. ದೂರು ನೀಡಲು ಸೋಮವಾರ ಕರೆ ಮಾಡಿ." ಆ ಗಂಭೀರ ಧ್ವನಿ ಯಾರದ್ದೆಂದರೆ, ನನ್ನದೇ!

ಅಷ್ಟರಲ್ಲಿ ನನ್ನವಳು ಚಿಕ್ಕಪ್ಪನಿಗೆ ಫೋನು ಮಾಡಿದ್ದಳು. ಚಿಕ್ಕಪ್ಪ ಅಂದರೆ ಅಪ್ಪನ ಒಡಹುಟ್ಟಿದವರಲ್ಲ, ಮೂವತ್ತು ವರ್ಷ ಅವರ ಜೊತೆ ಕೆಲಸ ಮಾಡಿದವರು. ಎರಡೂ ಮಂಡಿ ಸವೆದು, ಕೋಲೂರಿಕೊಂಡು ಬಂದರು. ಮೆಟ್ಟಿಲ ಕೆಳಗಿನ ಮುಚ್ಚಳ ಎತ್ತಿ ವಾಲ್ವ್ ತಿರುಗಿಸಿದರು. ನೀರು ನಿಂತಿತು. ನನ್ನ ನಾಲ್ಕೂ ಸಾಧನೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಅಪ್ಪನ ಕೋಣೆಗೆ ಹೋಗಿ ಚೀಲದ ಮುಂದೆ ನಿಂತರು.

"ಇದನ್ನ ತೆಗೆದು ನೋಡಿದ್ಯಾ?"

ನನ್ನವಳು ಮೆಲ್ಲಗೆ, "ಅದನ್ನ ಯಾರೂ ಮುಟ್ಟಲ್ಲ ಚಿಕ್ಕಪ್ಪ" ಎಂದಳು.

"ನೀನೇ ತೆಗಿ ಮಗಾ."

ತೆಗೆದೆ. ಚೀಲದ ಹಿಂಬದಿ ಕೊಳೆತು ಕೈಗೇ ಬಂತು. ಅಪ್ಪನ ದೊಡ್ಡ ಸ್ಪ್ಯಾನರು ನೆಲಕ್ಕೆ ಬಿತ್ತು, ಮೈಯೆಲ್ಲ ತುಕ್ಕು. ಅದನ್ನು ಅವರು ದಿನಾ ಸಂಜೆ ಎಣ್ಣೆಬಟ್ಟೆಯಲ್ಲಿ ಒರೆಸಿಡುತ್ತಿದ್ದರು. ಗೋಡೆ ಕಪ್ಪಗೆ ಒದ್ದೆಯಾಗಿತ್ತು. ಕಿವಿಯಿಟ್ಟೆ. ಪೈಪಿನಲ್ಲಿ ಉಳಿದಿದ್ದ ನೀರು ಒಳಗೆ ಸಣ್ಣಗೆ, ಸ್ಪಷ್ಟವಾಗಿ, ಚಿಟ್, ಚಿಟ್.

"ಇಲ್ಲಿ ಚಿಕ್ಕಪ್ಪ" ಎಂದೆ.

"ಗೊತ್ತು. ನಿನಗೆ ಕೇಳಿಸುತ್ತೆ ಅಂತ ಆವತ್ತೇ ಗೊತ್ತು."

"ಯಾವತ್ತು?"

ಚಿಕ್ಕಪ್ಪ ಅಪ್ಪನ ಮಂಚದ ಮೇಲೆ ಕೂತು ಮಂಡಿ ನೀವಿಕೊಂಡರು. "ರಜೇಲಿ ನಮ್ಮ ಜೊತೆ ಕೆಲಸಕ್ಕೆ ಬರ್ತಿದ್ಯಲ್ಲ, ಆವತ್ತು ನೀನು ತೋರಿಸಿದ್ದೇ ಸರಿಯಾದ ಜಾಗ. ನಿಮ್ಮಪ್ಪ ಒಡೆದ ಕಡೆ ಒಣ ಇಟ್ಟಿಗೆ ಬಿಟ್ರೆ ಏನೂ ಇರಲಿಲ್ಲ. ನಿನ್ನ ಮನೆಗೆ ಕಳಿಸಿ, ಮಾರನೇ ದಿನ ನಾವಿಬ್ಬರೂ ಹೋಗಿ ನೀನು ಹೇಳಿದ ಕಡೆಯೇ ಒಡೆದ್ವಿ. ಆ ಮನೆಯವರ ಹತ್ರ 'ನನ್ನದೇ ತಪ್ಪು' ಅಂದ. ಅವನು ಬೇಕೂಂತ ತಪ್ಪು ಗೋಡೆ ಒಡೆದದ್ದು ಜೀವಮಾನದಲ್ಲಿ ಅದೊಂದೇ ಸಲ."

"ಯಾಕೆ?"

"'ಹುಡುಗನ ಕಿವಿ ನನಗಿಂತ ಚುರುಕು ಕಣೋ. ಹೀಗೇ ಬಿಟ್ರೆ ಇದಕ್ಕೇ ಅಂಟ್ಕೋತಾನೆ, ನಮ್ಮ ಹಾಗೆ ಮಂಡಿ ಕಳ್ಕೋತಾನೆ. ಕುರ್ಚಿ ಮೇಲೆ ಕೂತು ದುಡೀಲಿ' ಅಂದ."

ನನಗೆ ಸಿಟ್ಟು ಬಂತು. ಸತ್ತವರ ಮೇಲೆ ಬರುವ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ನಮ್ಮಲ್ಲೇ ಉಳಿಯುತ್ತದೆ. "ಆಮೇಲಾದ್ರೂ ನನಗೆ ಹೇಳಬಹುದಿತ್ತಲ್ಲ ಚಿಕ್ಕಪ್ಪ? ಕೆಲಸ ಸಿಕ್ಕ ಮೇಲಾದ್ರೂ? ಹಾಸಿಗೆ ಹಿಡಿದ ಮೇಲಾದ್ರೂ?"

"ಕಾಯ್ತಾನೇ ಇದ್ದ. ನೀನು ಯಾವತ್ತಾದ್ರೂ 'ಯಾಕಪ್ಪಾ ಹಾಗಂದ್ರಿ' ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಕೊನೆಯ ಮೂರು ತಿಂಗಳು ದಿನಾ ಸಂಜೆ ಆ ಮಂಚದ ಪಕ್ಕ ಅರ್ಧ ಗಂಟೆ ಕೂತು, ಮಾತ್ರೆ ಕೊಟ್ಟು, ದೀಪ ಆರಿಸಿ ಎದ್ದುಬರುತ್ತಿದ್ದೆ. ಬಾಗಿಲ ಹತ್ತಿರ ಬಂದಾಗ ಅಪ್ಪ ಒಮ್ಮೊಮ್ಮೆ "ಏನೋ" ಎನ್ನುತ್ತಿದ್ದರು. "ಏನಪ್ಪಾ?" ಎಂದರೆ "ಏನಿಲ್ಲ, ಹೋಗು" ಎನ್ನುತ್ತಿದ್ದರು. ಗೋಡೆಯೊಳಗಿನ ಒಂದು ತೊಟ್ಟು ನೀರು ಕೇಳಿಸುವ ಕಿವಿಗೆ ಅದು ಕೇಳಿಸಿರಲಿಲ್ಲ. ತುಕ್ಕು ಹಿಡಿದ ಸ್ಪ್ಯಾನರನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ನೆಲದ ಮೇಲೆ ಕೂತು, ಎಂಟು ತಿಂಗಳಿಂದ ಬಾರದಿದ್ದ ಅಳು ಅತ್ತೆ. ಚಿಕ್ಕಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ನನ್ನವಳು ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟಳು.

ಐದನೆಯ ತೂತನ್ನು ನಾನೇ ಕೊರೆದೆ, ಅಪ್ಪನ ಉಳಿಯಿಂದ, ಚಿಕ್ಕಪ್ಪ ಹೇಳಿಕೊಟ್ಟ ಹಾಗೆ. ಒಂದೇ ಏಟಿಗೆ ಪೈಪಿನ ಒಡೆದ ಜಾಗ ಎದುರಿಗೇ ಬಂತು.

ಭಾನುವಾರ ಸಂಜೆ ಗುಲಾಬಿ ಹಾಳೆ ನೆನಪಾಯಿತು. ಶನಿವಾರದ ನೀರಿನಲ್ಲಿ ನೆನೆದು ಒಣಗಿ ಹಪ್ಪಳದ ಹಾಗಾಗಿತ್ತು. 'ಹೇಳಿದವರು: ಅಪ್ಪ' ಎಂಬುದು ಮಾತ್ರ ಅಳಿಸಿರಲಿಲ್ಲ. ಹೊಸ ನಂಬಿಕೆಯ ಜಾಗದಲ್ಲಿ ಪೆನ್ನು ಊರಿ ಬಹಳ ಹೊತ್ತು ಕೂತೆ. ನನ್ನವಳು ಹಾಳೆ ಎಳೆದುಕೊಂಡು, ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿ, ತಾನೇ ತುಂಬಿ ನನ್ನ ಮುಂದೆ ಸರಿಸಿದಳು:

'ಇವರಿಗೆ ಕಿವಿ ಇದೆ. ಗೋಡೆ ಇಲ್ಲ.'