ಮೂರು ಕಲ್ಲಿಗೂ ನೊರೆ

ತೊಂದರೆ ಶುರುವಾದದ್ದು ಬಾಲ್ದಿಯ ತಳದಲ್ಲಿ ಉಳಿದ ಸುಣ್ಣದಿಂದ. ಸೋಮವಾರ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಕಕ್ಕಿಂಜೆಯ ಆ ಹೈಸ್ಕೂಲಿನ ಗೋಡೆಗಳಿಗೆಲ್ಲ ಶನಿವಾರ ಸುಣ್ಣ ಬಳಿದ ಜವಾನ ಶೇಷಪ್ಪ, ಮಿಕ್ಕದ್ದನ್ನು ಚೆಲ್ಲಲು ಮನಸ್ಸು ಬಾರದೆ ಹೂದೋಟದ ಅಂಚಿನ ಕಲ್ಲುಗಳಿಗೂ ಬಳಿದ. ಆಮೇಲೂ ಸ್ವಲ್ಪ ಉಳಿಯಿತು. ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಯಾರಿಗೂ ಬೇಡವಾದಂತೆ ಬಿದ್ದಿದ್ದವು. ಅವಕ್ಕೂ ಎರಡೆರಡು ಸಲ ಬಳಿದು ಸಾಲಿನಲ್ಲಿ ಕೂರಿಸಿಬಿಟ್ಟ.

ಆ ಮೂರು ಕಲ್ಲು, ವಿಜ್ಞಾನದ ಶಶಿಪ್ರಭಾ ಟೀಚರ್ ಸೋಮವಾರದ ಪಾಠಕ್ಕೆಂದು ತಂದಿಟ್ಟ ಮಾದರಿಗಳು. ಕರಿಕಲ್ಲು ಅಗ್ನಿಶಿಲೆ, ಹೊಳೆಯಿಂದ ಹೆಕ್ಕಿದ ಪಟ್ಟೆಕಲ್ಲು ರೂಪಾಂತರ ಶಿಲೆ, ಮಾವ ಬಾಗಲಕೋಟೆಯಿಂದ ತಂದುಕೊಟ್ಟ ಸುಣ್ಣದ ಕಲ್ಲು ಪದರಶಿಲೆ. ನಮ್ಮ ಕಡೆ ಸುಣ್ಣಕ್ಕೆ ಚಿಪ್ಪು ಸುಡುತ್ತಾರೆಯೇ ಹೊರತು ಸುಣ್ಣದ ಕಲ್ಲನ್ನು ಕಣ್ಣಲ್ಲಿ ಕಂಡವರು ಕಡಿಮೆ.

ಟೀಚರ ಮನೆ ಮೆಲ್ಕಾರಿನಲ್ಲಿ. ಬಿ.ಸಿ.ರೋಡು, ಉಜಿರೆ ಎಂದು ಬಸ್ಸು ಬದಲಿಸುತ್ತ ಅವರ ಅರ್ಧ ಆಯುಷ್ಯ ಬಸ್ಸಿನ ಕಂಬಿ ಹಿಡಿದೇ ಕಳೆದಿತ್ತು. ಈಗ ಮೆಲ್ಕಾರ್ ಹತ್ತಿರದ ಶಾಲೆಯೊಂದರಲ್ಲಿ ಜಾಗ ಖಾಲಿಯಾಗಿತ್ತು. "ಸಾಹೇಬ್ರು ನಿಮ್ಮ ಪಾಠ ನೋಡ್ಲಿ. ಮತ್ತೆ ವರ್ಗದ ಮಾತು ನಾನು ತೆಗೀತೇನೆ" ಎಂದಿದ್ದರು ಹೆಡ್ಮಾಸ್ಟರ್ ಬದ್ರುದ್ದೀನ್. ಏನೇ ಆಗಲಿ ಈ ಪಾಠ ಗೆದ್ದೇ ಸಿದ್ಧ ಎಂದು ಟೀಚರ್ ಸೆರಗು ಬಿಗಿದಿದ್ದರು.

ಸೋಮವಾರ ಬಸ್ಸಿನ ಟಯರು ಮುಂಡಾಜೆಯಲ್ಲಿ ಮಲಗಿತು. ಟೀಚರ್ ಏದುಸಿರು ಬಿಡುತ್ತ ಶಾಲೆಗೆ ಬಂದರೆ ಸಾಹೇಬರ ಜೀಪು ಅಂಗಳದಲ್ಲಿತ್ತು, ಜಗಲಿಯ ಮೂಲೆ ಖಾಲಿಯಾಗಿತ್ತು.

"ಶೇಷಪ್ಪಣ್ಣ, ನನ್ನ ಕಲ್ಲೆಲ್ಲಿ?"

"ಸಾಲಿನ ಕೊನೆಯಲ್ಲಿ ಉಂಟಲ್ಲ ಟೀಚರ್. ಎಷ್ಟು ಚಂದ ಕಾಣ್ತದೆ ನೋಡಿ."

ಮೂರೂ ಹೊಸ ಯೂನಿಫಾರ್ಮಿನ ಮಕ್ಕಳ ಹಾಗೆ ಒಂದೇ ತರ ನಿಂತಿದ್ದವು. ಟೀಚರ್ ನಳ್ಳಿಯಡಿ ಹಿಡಿದು ತಿಕ್ಕಿದರು. ಸುಣ್ಣ ಜಗ್ಗಲಿಲ್ಲ. ಅಷ್ಟರಲ್ಲಿ ಬದ್ರುದ್ದೀನ್ ಓಡಿ ಬಂದರು.

"ಸಾಹೇಬ್ರು ಕ್ಲಾಸಲ್ಲಿ ಕೂತಾಯ್ತು. ಹೋಗುವ, ಹೋಗುವ. ಆಸಿಡ್ ಹಾಕಿದ್ರೆ ಸುಣ್ಣದ ಕಲ್ಲು ತಾನೇ ಬಾಯಿ ಬಿಡ್ತದೆ ಮಾರಾಯ್ರೆ."

ಬೇರೆ ದಾರಿ ಇರಲಿಲ್ಲ. ಟೀಚರ್ ಮೂರನ್ನೂ ಹೊತ್ತು ಕ್ಲಾಸಿಗೆ ಹೋಗಿ ಮೊದಲ ಕಲ್ಲಿಗೆ ಆಸಿಡ್ ಬಿಟ್ಟರು. ಬುರುಬುರು ನೊರೆ ಬಂತು. "ಇದೇ ಸುಣ್ಣದ ಕಲ್ಲು" ಎಂದರು ಧೈರ್ಯವಾಗಿ. ಎರಡನೆಯದಕ್ಕೂ ನೊರೆ. ಮೂರನೆಯದಕ್ಕೂ ನೊರೆ.

"ಹಾಗಾದ್ರೆ ಎಲ್ಲ ಕಲ್ಲೂ ಸುಣ್ಣದ ಕಲ್ಲಾ ಟೀಚರ್?" ಎಂದು ಮುಂದಿನ ಬೆಂಚಿನ ರಿಫಾ ಕೇಳಿದಳು. ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಬದ್ರುದ್ದೀನ್ ಸೂರು ನೋಡಿದರು.

ಟೀಚರಿಗೆ ಅಳುವೇ ಬಂದಿತ್ತು. ಆದರೆ ಕಣ್ಣೆದುರು ಉಜಿರೆಯ ಬಸ್ ಸ್ಟ್ಯಾಂಡು ಬಂದು ನಿಂತದ್ದೇ ಅಳು ಹಿಂದೆ ಸರಿಯಿತು. "ಶೇಷಪ್ಪಣ್ಣ, ನಿಮ್ಮ ಕತ್ತಿ ತನ್ನಿ" ಎಂದರು.

ಕತ್ತಿ ಬಂತು. ಟೀಚರ್ ಕಾಯಿಯ ಸಿಪ್ಪೆ ತೆಗೆದ ಹಾಗೆ ಮೂರೂ ಕಲ್ಲುಗಳ ಒಂದೊಂದು ಬದಿ ಕೆರೆದು ಮತ್ತೆ ಆಸಿಡ್ ಬಿಟ್ಟರು. ಕರಿಕಲ್ಲು ಸುಮ್ಮನಿತ್ತು. ಪಟ್ಟೆಕಲ್ಲೂ ಸುಮ್ಮನಿತ್ತು. ಬಾಗಲಕೋಟೆಯದ್ದು ಮಾತ್ರ ಉಕ್ಕಿತು.

"ನೋಡಿ ಮಕ್ಕಳೇ. ಸುಣ್ಣದ ಕಲ್ಲನ್ನಾಗಲಿ ಚಿಪ್ಪನ್ನಾಗಲಿ ಸುಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗ್ತದೆ. ಉಳಿದ ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಕುದಿದು ಅರಳ್ತದೆ. ಅದನ್ನು ಬಳಿದ್ರೆ ಗಾಳಿಯಿಂದ ಅದೇ ಅನಿಲ ಹೀರಿ ಪುನಃ ಸುಣ್ಣದ ಕಲ್ಲೇ ಆಗ್ತದೆ. ಶೇಷಪ್ಪಣ್ಣ ಈ ಕಲ್ಲುಗಳಿಗೆ ಸುಣ್ಣದ ಕಲ್ಲಿನ ಅಂಗಿ ತೊಡಿಸಿದ್ದಾರೆ. ನಾನು ಅಂಗಿ ಬಿಚ್ಚಿದೆ, ಅಷ್ಟೇ."

ಅಲ್ಲಿಂದ ಪಾಠ ಸಿಮೆಂಟಿಗೆ ಹಾರಿತು, ತೋಟದ ಹುಳಿಮಣ್ಣಿಗೆ ಇಳಿಯಿತು, ಅಜ್ಜಿಯ ವೀಳ್ಯದೆಲೆಗೆ ಬಂದು ನಿಂತಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಇಂಥ ಪಾಠ ನಾನು ನೋಡಿಯೇ ಇಲ್ಲ ಬದ್ರುದ್ದೀನ್."

ಇದೇ ಸಮಯವೆಂದು ಬದ್ರುದ್ದೀನ್ ಕೊಟ್ಟ ಮಾತು ಉಳಿಸಿಕೊಂಡರು. "ಸಾರ್, ಟೀಚರಿಗೆ ಮೆಲ್ಕಾರ್ ಕಡೆಗೆ ವರ್ಗ ಸಿಕ್ಕಿದ್ರೆ ಅಂತ ಉಂಟು."

"ಛೆ ಛೆ. ಇಂಥವರನ್ನು ಕಳಿಸಿದ್ರೆ ಇಲ್ಲಿಯ ಮಕ್ಕಳ ಗತಿ ಏನು? ಇವರು ಇಲ್ಲೇ ಇರ್ಬೇಕು, ನಾನೇ ಮೇಲಿನವರಿಗೆ ಹೇಳ್ತೇನೆ. ಕಳೆದ ವಾರ ಒಬ್ಬ ಮಾಸ್ಟ್ರು ಇದೇ ಪಾಠ ಪೂರ್ತಿ ಹಾಳು ಮಾಡಿದ್ರು. ಅವರನ್ನು ಮೆಲ್ಕಾರಿಗೆ ಹಾಕುವ. ದೊಡ್ಡ ಶಾಲೆ, ತಿದ್ದಲಿಕ್ಕೆ ಸೀನಿಯರುಗಳಿದ್ದಾರೆ."

ಜೀಪು ಹೋಯಿತು. ಟೀಚರ್ ಜಗಲಿಯಲ್ಲಿ ಕುಸಿದು ಕೂತರು. ಶೇಷಪ್ಪ ಒಂದು ಲೋಟ ನೀರು ತಂದುಕೊಟ್ಟು, ಪಾಪ, ಸಮಾಧಾನ ಹೇಳಿದ:

"ನಾನು ನನ್ನಿಂದ ಆದಷ್ಟು ಹಾಳು ಮಾಡಿ ಕೊಟ್ಟಿದ್ದೆ ಟೀಚರ್. ಸರಿ ಮಾಡಿದ್ದು ನೀವೇ."